ವಾಡ ಕಾಲುವೆಯ ಕಡವು

ಕೇರಳದ ಆಲಪ್ಪುಳ ಪಟ್ಟಣದಲ್ಲಿ ಸರಕಾರಿ ಬಸ್ಸಿನಿಂದ ಇಳಿದ ಪ್ರಯಾಣಿಕನು ಕೆಲವೇ ನಿಮಿಷ ನಡೆದರೆ ಇನ್ನೊಂದು ನಿಲ್ದಾಣವನ್ನು ಸೇರುತ್ತಾನೆ. ಅಲ್ಲಿಯೂ ವೇಳಾಪಟ್ಟಿಯಿದೆ, ಕಾಯುವವರಿಗೆ ಆಸನಗಳಿವೆ, ಹೊರಡುವ ಹೊತ್ತನ್ನು ಕೇಳುವ ಆತುರದ ದನಿಗಳಿವೆ. ನೆಡುಮುಡಿ, ಕಾವಾಲಂ, ಪುಳಿಂಕುನ್ನು, ಕೊಟ್ಟಾಯಂ ಎಂಬ ಊರ ಹೆಸರುಗಳು ಬಸ್ಸಿನ ಹಣೆಯ ಮೇಲಿರುವಂತೆಯೇ ಇಲ್ಲಿ ಬೋಟುಗಳ ಹಣೆಯ ಮೇಲಿರುತ್ತವೆ. ಬಸ್ಸಿನಿಂದ ಇಳಿದವರು ದಿನಸಿಯ ಚೀಲ ಹಿಡಿದು ಬೋಟು ಹತ್ತುತ್ತಾರೆ. ಬೋಟಿನಿಂದ ಇಳಿದ ವಿದ್ಯಾರ್ಥಿಗಳು, ಗುಮಾಸ್ತರು, ಆಸ್ಪತ್ರೆಗೆ ಹೊರಟ ಮುದುಕರು ಬಸ್ಸಿನತ್ತ ಅವಸರಿಸುತ್ತಾರೆ. ನೆಲದ ದಾರಿಯೂ ನೀರಿನ ದಾರಿಯೂ ಒಂದನ್ನೊಂದು ಮುಟ್ಟುವ ಈ ಎಡೆಯು ವಾಡ ಕಾಲುವೆಯ ದಡದಲ್ಲಿದೆ. ಪ್ರವಾಸಿಗರ ಕೈಪಿಡಿಗಳಲ್ಲಿ ಇದಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಸಿಕ್ಕುವುದಿಲ್ಲ. ಪಟ್ಟಣದ ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ಪಟ್ಟಣಕ್ಕಿಂತ ಮೊದಲು ಈ ಕಾಲುವೆಯೇ ಕಣ್ಣಿಗೆ ಬೀಳುತ್ತದೆ.

ದೋಣಿ ತಂಗುವ, ಜನರು ಹೊಳೆ ಹಾಯುವ ಎಡೆಗೆ ಮಲೆಯಾಳದಲ್ಲಿ ‘ಕಡವು’ ಎನ್ನುತ್ತಾರೆ. ಕರಾವಳಿಯ ಕನ್ನಡಿಗರಿಗೆ ಈ ಮಾತು ಹೊಸತಲ್ಲ. ಸೇತುವೆಗಳು ಬರುವ ಮುನ್ನ ದಕ್ಷಿಣ ಕನ್ನಡದ ಹೊಳೆಗಳ ದಡದಲ್ಲಿ ಅಂಬಿಗನು ಕಾದಿರುತ್ತಿದ್ದ ಜಾಗವೂ ಕಡವೇ. ಅಲ್ಲಿಯ ‘ತೋಡು’ ಇಲ್ಲಿಯ ತೋಡೇ. ಅಲ್ಲಿಯ ‘ತೋಣಿ’ ಇಲ್ಲಿಯ ದೋಣಿ. ಕುಟ್ಟನಾಡಿನ ಊರ ಹೆಸರುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ‘ಚಿರ’ ಎಂಬುದು ಮಾತ್ರ ಮೊದಲ ನೋಟಕ್ಕೆ ಅಪರಿಚಿತವೆನಿಸುತ್ತದೆ. ಕನ್ನಡದ ಕಿವಿ ಮಲೆಯಾಳದಲ್ಲಿ ಚೆವಿಯಾಗುವ ಧ್ವನಿನಿಯಮವನ್ನು ನೆನೆದರೆ ಅದು ನಮ್ಮ ‘ಕೆರೆ’ಯ ಒಡಹುಟ್ಟು ಎಂದು ತಿಳಿಯುತ್ತದೆ. ಕನ್ನಡದಲ್ಲಿ ಕೆರೆಯೆಂದರೆ ನಿಂತ ನೀರು. ಮಲೆಯಾಳದ ಚಿರ ಮೊದಲಿಗೆ ಒಡ್ಡು, ಒಡ್ಡು ಹಿಡಿದ ನೀರು ಆಮೇಲೆ. ಬಯಲುಸೀಮೆಯವರಿಗೆ ನೀರನ್ನು ಹಿಡಿದಿಡುವುದೇ ಬದುಕಾಗಿದ್ದರೆ, ಸಮುದ್ರಮಟ್ಟಕ್ಕಿಂತ ಕೆಳಗಿನ ಗದ್ದೆಗಳಲ್ಲಿ ಬತ್ತ ಬೆಳೆಯುವ ಕುಟ್ಟನಾಡಿನವರಿಗೆ ನೀರನ್ನು ಹೊರಗಿಡುವುದೇ ಬದುಕು. ಒಂದೇ ಬೇರಿನ ಪದವು ಎರಡು ನೆಲಗಳಲ್ಲಿ ಎರಡು ಆತಂಕಗಳಿಗೆ ಹೆಸರಾಯಿತೆನ್ನಬಹುದು.

ಆಲಪ್ಪುಳದ ಬಂದರು 1762ರಲ್ಲಿ ತೆರೆಯಿತೆಂದೂ ಅದನ್ನೂ ಅದರ ಕಾಲುವೆಗಳನ್ನೂ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸನು ನಿರ್ಮಿಸಿದನೆಂದೂ ಸಾಮಾನ್ಯವಾಗಿ ಬರೆಯುವುದುಂಟು. ಈ ಎರಡು ಹೇಳಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಕಡಿಮೆ. ಕೇಶವದಾಸನು ಹುಟ್ಟಿದ್ದು 1745ರಲ್ಲಿ, ದಿವಾನನಾದದ್ದು 1789ರಲ್ಲಿ. 1762ರಲ್ಲಿ ಆತನಿಗೆ 17 ವರ್ಷ. ಹಾಗಾದರೆ ಧರ್ಮರಾಜನೆಂದು ಹೆಸರಾದ ಕಾರ್ತಿಕ ತಿರುನಾಳ್ ರಾಮವರ್ಮನ ಆಳ್ವಿಕೆಯಲ್ಲಿ ಮೊದಲೇ ತೊಡಗಿದ ಕೆಲಸವನ್ನು ಕೇಶವದಾಸನು ಬೆಳೆಸಿ, ಅದಕ್ಕೊಂದು ಸ್ಥಿರರೂಪ ಕೊಟ್ಟನೆನ್ನುವುದೇ ಯುಕ್ತ. ಜನಸ್ಮೃತಿಯು ಹಲವು ಕೈಗಳ ಕೆಲಸವನ್ನು ಒಂದು ಹೆಸರಿಗೆ ಕಟ್ಟುವುದು ಹೊಸತೇನಲ್ಲ. ನಮ್ಮಲ್ಲಿ ಎಷ್ಟು ಕೆರೆಗಳು ಕಟ್ಟಿಸಿದವರ ಹೆಸರು ಬಿಟ್ಟು ಕೆಂಪೇಗೌಡನ ಹೆಸರಿಗೋ ವಿಷ್ಣುವರ್ಧನನ ಹೆಸರಿಗೋ ಜಮೆಯಾಗಿಲ್ಲ! ಹೀಗೆಂದ ಮಾತ್ರಕ್ಕೆ ಕೇಶವದಾಸನ ಹಿರಿಮೆ ಕುಂದುವುದಿಲ್ಲ. ಮುಂಬಯಿ, ಸೂರತ್ತು, ಕಚ್ಛಗಳ ವರ್ತಕರನ್ನು ಕರೆಸಿ ನೆಲೆ ಕೊಟ್ಟವನೆಂಬ ಕೀರ್ತಿ ಆತನದೇ.

ಬಂದರಿಗೆ ಈ ಜಾಗವನ್ನೇ ಆರಿಸಿದ್ದಕ್ಕೆ ಕಾರಣವನ್ನು ಕಡಲಿನಲ್ಲಿ ಹುಡುಕಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಆಲಪ್ಪುಳಕ್ಕೆ ಕೊಚ್ಚಿಯಂಥ ಸಹಜವಾದ ಅಳಿವೆಯಿಲ್ಲ. ತೆರೆದ ಕಡಲತೀರ, ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು. ಮಳೆಗಾಲದಲ್ಲಿ ಇಲ್ಲಿ ಕೂಡುವ ಕೆಸರುದಿಬ್ಬಗಳು ಅಲೆಯ ಹೊಡೆತವನ್ನು ಹೀರಿ ನೀರನ್ನು ಶಾಂತವಾಗಿಡುತ್ತವೆಂಬುದು ಕಡಲು ಕೊಟ್ಟ ಅನುಕೂಲ. ಇನ್ನರ್ಧ ಉತ್ತರ ಪೂರ್ವಕ್ಕಿದೆ. ಕೆಲವೇ ಕಿಲೋಮೀಟರು ಒಳಗೆ ಪುನ್ನಮಡದ ಹಿನ್ನೀರು, ಅದರಾಚೆ ವೇಂಬನಾಡು ಸರೋವರ, ಅದಕ್ಕೆ ಸೇರುವ ಪಂಪಾ, ಮಣಿಮಲ, ಮೀನಚ್ಚಿಲ್ ಮೊದಲಾದ ನದಿಗಳು. ಮಲೆನಾಡಿನ ಮೆಣಸು, ಏಲಕ್ಕಿ, ಶುಂಠಿಗಳು ನದಿಯಿಂದ ಸರೋವರಕ್ಕೆ ತಾವಾಗಿಯೇ ಇಳಿದುಬರುವಂತಿದ್ದುವು. ಆಗ ಕೊಚ್ಚಿಯು ಡಚ್ಚರ ಕೈಯಲ್ಲಿತ್ತು. ಮೆಣಸಿನ ವ್ಯಾಪಾರವನ್ನು ರಾಜ್ಯದ ಏಕಸ್ವಾಮ್ಯವಾಗಿ ಇಟ್ಟುಕೊಂಡಿದ್ದ ತಿರುವಾಂಕೂರಿಗೆ ಡಚ್ಚರ ಹಂಗಿಲ್ಲದ ಬಾಗಿಲೊಂದು ಬೇಕಿತ್ತು. ಸರೋವರಕ್ಕೂ ಕಡಲಿಗೂ ನಡುವೆ ಉಳಿದಿದ್ದ ಮರಳುನೆಲದಲ್ಲಿ ಪೂರ್ವಪಶ್ಚಿಮವಾಗಿ, ಸಾಲಾಗಿ, ಎರಡು ಕಾಲುವೆಗಳನ್ನು ತೋಡಿದರು. ಒಂದು ವಾಡ ಕಾಲುವೆ, ಇನ್ನೊಂದು ವಾಣಿಜ್ಯ ಕಾಲುವೆ. ಪಟ್ಟಣವು ಈ ಎರಡು ನೀರಗೆರೆಗಳ ಅಕ್ಕಪಕ್ಕದಲ್ಲಿ ಬೆಳೆಯಿತು. ಬೀದಿಗಳು ಕಾಲುವೆಯನ್ನು ಅನುಸರಿಸಿದುವೇ ಹೊರತು ಕಾಲುವೆ ಬೀದಿಗಳನ್ನಲ್ಲ.

ಲಾರ್ಡ್ ಕರ್ಜನನು ಆಲಪ್ಪುಳವನ್ನು ಪೂರ್ವದ ವೆನಿಸ್ ಎಂದು ಕರೆದನೆಂಬ ಮಾತು ಫಲಕಗಳ ಮೇಲೆಲ್ಲ ಕಾಣುತ್ತದೆ. ಹೋಲಿಕೆಯು ಕೇಳಲು ಹಿತವಾದರೂ ಉಪಮೇಯಕ್ಕೆ ನ್ಯಾಯ ಮಾಡುವುದಿಲ್ಲ. ವೆನಿಸ್ಸಿನಲ್ಲಿ ನೀರೇ ಬೀದಿ. ಅರಮನೆಗಳು ಅದಕ್ಕೆ ಮುಖಮಾಡಿ ನಿಂತಿವೆ. ಆಲಪ್ಪುಳದ ಕಾಲುವೆಗಳು ದುಡಿಮೆಯ ಹಾದಿಗಳು. ಅವುಗಳ ಪಕ್ಕದಲ್ಲಿ ಎದ್ದುವು ಗೋದಾಮುಗಳು, ಎಣ್ಣೆಗಿರಣಿಗಳು, ನಾರಿನ ಕಾರ್ಖಾನೆಗಳು. ಸರೋವರದಿಂದ ಬಂದ ದೊಡ್ಡ ದೋಣಿಗಳು ಗೋದಾಮಿನ ಹಿತ್ತಿಲಿಗೇ ಬಂದು ನಿಲ್ಲುತ್ತಿದ್ದುವು. ಕೂಲಿಗಳು ಹಲಗೆಯ ಮೇಲೆ ನಡೆದು ಮೂಟೆ ಇಳಿಸುತ್ತಿದ್ದರು. ತೂಕವಾಗಿ, ಕಟ್ಟಾಗಿ, ಗುರುತು ಬಿದ್ದು ಆ ಸರಕು ಕಡಲ ಕಡೆಗೆ ಸಾಗಿ, ಅಲ್ಲಿಂದ ಮತ್ತೆ ಸಣ್ಣ ದೋಣಿಗಳಲ್ಲಿ ಹಡಗಿಗೆ ಹೋಗುತ್ತಿತ್ತು. 1862ರಲ್ಲಿ ದೀಪಸ್ತಂಭ ಬೆಳಗಿತು. ಅದೇ ಶತಮಾನದಲ್ಲಿ ಕಡಲಿನೊಳಕ್ಕೆ ಚಾಚಿದಂತೆ ಕಟ್ಟಿದ ಹಡಗುಸೇತುವೆಯ ಕಬ್ಬಿಣದ ಕಂಬಗಳು ಇಂದು ಶಿಥಿಲವಾಗಿ ಅಲೆಗಳ ನಡುವೆ ನಿಂತಿವೆ. ಪ್ರವಾಸಿಗರು ಆ ಕಂಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅವುಗಳಿಗೆ ಸರಕು ಒದಗಿಸುತ್ತಿದ್ದ ಕಾಲುವೆಯ ಕಡೆಗೆ ಬೆನ್ನು ತಿರುಗಿರುತ್ತದೆ.

ಪಶ್ಚಿಮ ಭಾರತದಿಂದ ಬಂದ ವರ್ತಕರ ನೆನಪು ಗುಜರಾತಿ ಬೀದಿಯೆಂಬ ಹೆಸರಿನಲ್ಲಿ ಉಳಿದಿದೆ. ಅಲ್ಲಿ ಜೈನ ಮಂದಿರವೂ ಇದೆ. ಅಹಿಂಸಾವ್ರತಿಗಳಾದ ಶ್ರಾವಕರು ಮೀನುಗಾರರ ಕಡಲತೀರದಲ್ಲಿ ಮನೆ ಕಟ್ಟಿ, ಮೆಣಸು, ಕೊಬ್ಬರಿ, ನಾರುಗಳ ವ್ಯಾಪಾರದಲ್ಲಿ ತಲೆಮಾರುಗಳನ್ನು ಕಳೆದದ್ದು ಸ್ವತಂತ್ರವಾದ ಅಧ್ಯಯನಕ್ಕೆ ಯೋಗ್ಯವಾದ ವಿಷಯ. ಕರ್ನಾಟಕದ ಜೈನ ಅಧ್ಯಯನವು ಶಾಸನ, ಬಸದಿ, ಕಾವ್ಯಗಳಿಗೆ ಕೊಟ್ಟ ಗಮನವನ್ನು ವರ್ತಕರ ಲೆಕ್ಕದ ಪುಸ್ತಕಗಳಿಗೆ ಕೊಟ್ಟಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಮೆಣಸು ಕಟ್ಟಿದ ಬಂದರನ್ನು ಬೆಳೆಸಿದ್ದು ತೆಂಗಿನ ನಾರು. ಮಲೆಯಾಳದ ‘ಕಯರ್’ ಎಂಬುದೇ ಇಂಗ್ಲಿಷಿನ ‘ಕಾಯರ್’ ಆಯಿತು. 1859ರಲ್ಲಿ ಜೇಮ್ಸ್ ಡ್ಯಾರಾ ಎಂಬಾತನು ಆಲಪ್ಪುಳದಲ್ಲಿ ನಾರಿನ ಚಾಪೆ ಹೆಣೆಯುವ ಕಾರ್ಖಾನೆ ತೆರೆದ ಮೇಲೆ ಹಿನ್ನೀರಿನ ಊರೂರುಗಳಲ್ಲಿ ಕೊಳೆತು, ಬಡಿದು, ಹೊಸೆದ ಹುರಿಯೆಲ್ಲ ಈ ಕಾಲುವೆಗಳ ಮೂಲಕ ಕಾರ್ಖಾನೆಗಳಿಗೆ ಹರಿದುಬಂತು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಬೇಕು. ಅದರ ದುರ್ಗಂಧದ ನಡುವೆ ಸೊಂಟಮಟ್ಟದ ನೀರಿನಲ್ಲಿ ನಿಂತು ದುಡಿದವರಲ್ಲಿ ಹೆಚ್ಚಿನವರು ಹೆಂಗಸರು. ಕೇರಳದ ಮೊದಲ ಕಾರ್ಮಿಕ ಸಂಘವೆಂದು ಎಣಿಸಲಾಗುವ ತಿರುವಾಂಕೂರು ಲೇಬರ್ ಅಸೋಸಿಯೇಷನ್ 1922ರಲ್ಲಿ ಹುಟ್ಟಿದ್ದು ಇದೇ ಪಟ್ಟಣದಲ್ಲಿ. ಅದನ್ನು ಕಟ್ಟಿದ ವಾಡಪ್ಪುರಂ ಬಾವಾ ನಾರಿನ ಕಾರ್ಖಾನೆಯಲ್ಲಿ ದುಡಿದವರು. ತಕಳಿ ಶಿವಶಂಕರ ಪಿಳ್ಳೆಯವರು 1978ರಲ್ಲಿ ಪ್ರಕಟಿಸಿದ ತಮ್ಮ ಬೃಹತ್ ಕಾದಂಬರಿಗೆ ‘ಕಯರ್’ ಎಂಬ ಹೆಸರನ್ನೇ ಇಟ್ಟದ್ದು ಆಕಸ್ಮಿಕವಲ್ಲ.

ಈ ಸರಕನ್ನು ಹೊತ್ತ ದೋಣಿಗೂ ನಾರಿಗೂ ಇನ್ನೊಂದು ನಂಟಿದೆ. ‘ಕೆಟ್ಟುವಳ್ಳಂ’ ಎಂಬ ಹೆಸರಿನ ಪೂರ್ವಪದವು ಕನ್ನಡದ ‘ಕಟ್ಟು’. ಅಂಜಿಲಿ ಮರದ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ರಂಧ್ರ ಕೊರೆದು, ತೆಂಗಿನ ಹುರಿಯಿಂದ ಹೊಲಿದು, ಸಂದುಗಳಿಗೆ ನಾರು ತುರುಕಿ, ಗೇರುಬೀಜದ ಸಿಪ್ಪೆಯ ಎಣ್ಣೆಯಂಥ ಕಪ್ಪು ಲೇಪ ಹಚ್ಚಿ ಅದನ್ನು ಸಿದ್ಧಪಡಿಸುತ್ತಿದ್ದರು. ಮೊಳೆಯಿಲ್ಲ. ಹಳೆಯದಾದಾಗ ಹೊಲಿಗೆ ಬಿಚ್ಚಿ, ಹಾಳಾದ ಹಲಗೆಯನ್ನಷ್ಟೇ ಬದಲಿಸಿ ಮತ್ತೆ ಹೊಲಿಯಬಹುದು. ಕುಟ್ಟನಾಡಿನ ಬತ್ತ ಕೊಚ್ಚಿಗೆ ಹೋಗುತ್ತಿದ್ದುದು ಇವುಗಳಲ್ಲೇ. ಉದ್ದನೆಯ ಗಳುವಿನಿಂದ ತಳ ಒತ್ತುತ್ತ, ಗಾಳಿ ಬಂದಾಗ ಹಾಯಿ ಬಿಚ್ಚುತ್ತ ದಿನಗಟ್ಟಲೆ ಸಾಗುತ್ತಿದ್ದ ಅಂಬಿಗರು ದೋಣಿಯಲ್ಲೇ ಅಡುಗೆ ಮಾಡಿ, ಬಿದಿರುಚಾಪೆಯ ಗೂಡಿನಡಿ ಮಲಗುತ್ತಿದ್ದರು. ಆ ಗೂಡೇ ಮುಂದೆ ಪ್ರವಾಸಿಗರ ಶಯನಗೃಹವಾಯಿತು.

ನೀರಿನ ಹಾದಿಯಲ್ಲಿ ಸಾಗಿದವರು ಸರಕಿನೊಡನೆ ಮನುಷ್ಯರೂ ಹೌದು. ಕೊಲ್ಲಂನಿಂದ ಆಲಪ್ಪುಳಕ್ಕೆ ಬರುವ ರಾತ್ರಿಯ ಬೋಟು ಆ ಕಾಲದ ಮುಖ್ಯ ಪ್ರಯಾಣಸಾಧನ. 1924ರ ಜನವರಿಯಲ್ಲಿ ತಿರುವನಂತಪುರದ ಮುರಜಪ ಮಹೋತ್ಸವ ಮುಗಿಸಿ ಮರಳುವವರಿಂದ ‘ರಿಡೀಮರ್’ ಎಂಬ ಬೋಟು ಮಿತಿಮೀರಿ ತುಂಬಿತ್ತು. ಪಲ್ಲನದ ತಿರುವಿನಲ್ಲಿ ಅದು ಮಗುಚಿತು. ಸತ್ತವರಲ್ಲಿ ಕವಿ ಕುಮಾರನ್ ಆಶಾನರೂ ಇದ್ದರು. ಅವರಿಗೆ ಆಗ 50 ವರ್ಷ. ‘ಉದ್ಧಾರಕ’ ಎಂಬ ಅರ್ಥದ ಹೆಸರು ಹೊತ್ತ ಬೋಟು ಕವಿಯನ್ನು ಮುಳುಗಿಸಿತೆಂಬ ವ್ಯಂಗ್ಯವನ್ನು ಮಲೆಯಾಳಿಗಳು ಬಹಳ ಸಲ ಆಡಿದ್ದಾರೆ. ಅದನ್ನು ಮತ್ತೆ ಹಿಗ್ಗಿಸಬೇಕಿಲ್ಲ. ಆಶಾನರು ಈ ಪಟ್ಟಣದ ಕಡವನ್ನು ತಲಪಲಿಲ್ಲ, ಅಷ್ಟೆ.

ಕನ್ನಡಿಗರಿಗೆ ಈ ಸಾವು ದೂರದ್ದಲ್ಲ. ಹುಟ್ಟಿನಿಂದ ಈಳವರಾದ ಡಾ. ಪಲ್ಪು ಅವರಿಗೆ ತಮ್ಮ ತಿರುವಾಂಕೂರಿನಲ್ಲಿ ವೈದ್ಯವೃತ್ತಿಯ ಸರಕಾರಿ ಹುದ್ದೆ ದೊರೆಯಲಿಲ್ಲ. ದೊರೆತದ್ದು ಮೈಸೂರು ಸಂಸ್ಥಾನದಲ್ಲಿ. ಅವರ ಆಶ್ರಯದಲ್ಲಿ ತರುಣ ಕುಮಾರನ್ 1895ರಿಂದ ಬೆಂಗಳೂರಿನಲ್ಲಿದ್ದು ಸಂಸ್ಕೃತವನ್ನೂ ನ್ಯಾಯಶಾಸ್ತ್ರವನ್ನೂ ಓದಿದರು. ಪ್ಲೇಗು ಬಂದು ನಗರ ಚದುರಿದಾಗ ಕಲ್ಕತ್ತೆಗೆ ಹೋದರು. ಮುಂದೆ ‘ಚಂಡಾಲಭಿಕ್ಷುಕಿ’, ‘ದುರವಸ್ಥೆ’, ‘ಕರುಣಾ’ ಬರೆದ ಕವಿಯ ಓದಿನ ಅಡಿಪಾಯದಲ್ಲಿ ಬೆಂಗಳೂರಿನ ಮೂರು ವರ್ಷಗಳಿವೆ. ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಕಾರರು ಈ ವಾಸ್ತವ್ಯವನ್ನು ಅಡಿಟಿಪ್ಪಣಿಯಲ್ಲಾದರೂ ನೆನೆಯಬಹುದಿತ್ತು.

ಆಶಾನರು ಮುಳುಗಿದ ಕೆಲವೇ ವಾರಗಳಲ್ಲಿ, 1924ರ ಮಾರ್ಚ್ 30ರಂದು, ವೇಂಬನಾಡಿನ ಪೂರ್ವತೀರದ ವೈಕಂನಲ್ಲಿ ಸತ್ಯಾಗ್ರಹ ಆರಂಭವಾಯಿತು. ದೇವಾಲಯದ ಸುತ್ತಲಿನ ದಾರಿಗಳಲ್ಲಿ ಅವರ್ಣರು ನಡೆಯಬಾರದೆಂಬ ನಿಷೇಧದ ವಿರುದ್ಧ ನಡೆದ ಹೋರಾಟವದು. ಮರುವರ್ಷ ಗಾಂಧೀಜಿ ಅಲ್ಲಿಗೆ ಬಂದದ್ದು ಬೋಟಿನಲ್ಲಿ. ಇಲ್ಲೊಂದು ಅಂಶ ವಿಚಾರಾರ್ಹ. ನೆಲದ ದಾರಿಗೆ ಫಲಕ ನೆಟ್ಟು ಮನುಷ್ಯರನ್ನು ತಡೆಯಬಹುದಾಗಿತ್ತು. ಹರಡಿಕೊಂಡ ನೀರಿಗೆ ಹಾಗೆ ಫಲಕ ನೆಡುವುದು ಸುಲಭವಿರಲಿಲ್ಲ. ಒಂದೇ ಬೋಟಿನ ಹಲಗೆಯ ಮೇಲೆ ಕುಳಿತವರ ನಡುವೆ ಶಾಸ್ತ್ರ ಹೇಳಿದಷ್ಟು ಅಡಿಗಳ ಅಂತರವನ್ನು ಅಳೆಯುವುದೂ ಸುಲಭವಿರಲಿಲ್ಲ. ಕಡವಿನಲ್ಲಿ ಇಳಿದು ನೆಲ ಮೆಟ್ಟಿದೊಡನೆ ಫಲಕ ಎದುರಾಗುತ್ತಿತ್ತು. ಇದೇ ವೈಕಂನಿಂದ ಎದುರುದಡದ ತವಣಕ್ಕಡವಿಗೆ 2017ರಲ್ಲಿ ‘ಆದಿತ್ಯ’ ಎಂಬ 75 ಆಸನಗಳ ಸೌರಶಕ್ತಿಯ ಬೋಟು ಓಡತೊಡಗಿತು. ಭಾರತದಲ್ಲಿ ಅಂಥದ್ದು ಅದೇ ಮೊದಲು.

ಬಂದರಿನ ಇಳಿಗಾಲಕ್ಕೆ ಕಾರಣ ಹಲವು. 1920ರ ದಶಕದ ಕೊನೆಗೆ ರಾಬರ್ಟ್ ಬ್ರಿಸ್ಟೊ ಕೊಚ್ಚಿಯ ಅಳಿವೆಯ ಮರಳುದಿಬ್ಬವನ್ನು ಕಡಿಸಿ ದೊಡ್ಡ ಹಡಗುಗಳಿಗೆ ಒಳಬಂದರು ತೆರೆದ ಮೇಲೆ ಆಲಪ್ಪುಳದ ತೆರೆದ ಕಡಲಿಗೆ ಬರುವ ಅಗತ್ಯ ಕುಗ್ಗಿತು. ಆಲಪ್ಪುಳದಿಂದ ಚಂಗನಾಶ್ಶೇರಿಗೆ ಕುಟ್ಟನಾಡನ್ನು ಸೀಳಿಕೊಂಡು 24 ಕಿಲೋಮೀಟರಿನ ರಸ್ತೆ ಬಂತು. 1989ರಲ್ಲಿ ರೈಲು ಬಂತು. ವಾಣಿಜ್ಯ ಕಾಲುವೆಯಲ್ಲಿ ವಾಣಿಜ್ಯ ನಿಂತಿತು, ಹೆಸರು ಮಾತ್ರ ಉಳಿಯಿತು. ನಡೆಯದ ನೀರಿನಲ್ಲಿ ಜಲಕಳೆ ಹಬ್ಬಿತು. ವೇಂಬನಾಡಿಗೆ ತಣ್ಣೀರ್ಮುಕ್ಕಂನಲ್ಲಿ 1970ರ ದಶಕದಲ್ಲಿ ಕಟ್ಟಿದ ಒಡ್ಡು ಬತ್ತದ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಾಯುತ್ತದೆ. ಬೇಸಗೆಯಲ್ಲಿ ಅದರ ಕದ ಮುಚ್ಚಿದಾಗ ಭರತ ಇಳಿತಗಳು ಒಳಕ್ಕೆ ಬಾರದೆ ಕಳೆಯೂ ಕೊಳೆಯೂ ಅಲ್ಲೇ ನಿಲ್ಲುತ್ತವೆ. ರೈತನಿಗೆ ಬೇಕಾದ ಕದ ಬೆಸ್ತನಿಗೆ ಬೇಡ. ಈ ವಿವಾದದಲ್ಲಿ ಎರಡು ಪಕ್ಷವೂ ನಿಜ ಹೇಳುತ್ತಿದೆಯೆಂಬುದೇ ಅದನ್ನು ಬಿಡಿಸಲು ಆಗದಂತೆ ಮಾಡಿದೆ.

ಈಗ ಆಲಪ್ಪುಳದಲ್ಲಿ ನೀರಿಗಿಳಿಯಲು ಎರಡು ಬಗೆಯ ಕಟ್ಟೆಗಳಿವೆ. ಪುನ್ನಮಡದಲ್ಲಿ, ನೆಹರೂ ಟ್ರೋಫಿ ದೋಣಿಸ್ಪರ್ಧೆ ಮುಗಿಯುವ ಜಾಗದಲ್ಲಿರುವ ‘ಫಿನಿಷಿಂಗ್ ಪಾಯಿಂಟ್’ ಕಟ್ಟೆ ಹೌಸ್‌ಬೋಟುಗಳದು. 1952ರಲ್ಲಿ ಜವಾಹರಲಾಲ ನೆಹರೂ ಇಲ್ಲಿಗೆ ಬಂದಾಗ ನಡೆಸಿದ ಸ್ಪರ್ಧೆಯೇ ಆ ಹೆಸರಿನ ಮೂಲ. 1990ರ ದಶಕದಿಂದೀಚೆಗೆ ಕೆಟ್ಟುವಳ್ಳಗಳ ಮೇಲೆ ಕೋಣೆ, ಸ್ನಾನದ ಮನೆ, ಶೀತಯಂತ್ರ ಕೂಡಿಸಿದ ಹೌಸ್‌ಬೋಟುಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಹೊತ್ತುಹೊತ್ತಿಗೆ ಅಡುಗೆಯಾಗುವ, ಜನರು ರಾತ್ರಿ ತಂಗುವ ದೋಣಿಗೆ ಬೇಕಾದದ್ದು ಕಟ್ಟುವ ಗೂಟವೊಂದೇ ಅಲ್ಲ. ಕುಡಿಯುವ ನೀರು ತುಂಬಿಸಿಕೊಳ್ಳುವ ನಲ್ಲಿ, ಕಸ ಇಳಿಸುವ ಜಾಗ, ಎಲ್ಲಕ್ಕೂ ಮಿಗಿಲಾಗಿ ಮಲಿನಜಲವನ್ನು ದಡದಲ್ಲಿ ಹೀರಿಕೊಂಡು ಶುದ್ಧಿಮಾಡುವ ಯಂತ್ರ ಬೇಕು. ದೋಣಿಗಳು ಹೆಚ್ಚಿದ ವೇಗದಲ್ಲಿ ಈ ಸೌಕರ್ಯಗಳು ಹೆಚ್ಚಲಿಲ್ಲ. ಪರಿಣಾಮವನ್ನು ಹಿನ್ನೀರಿನ ನಡುಗಡ್ಡೆಗಳಲ್ಲಿ, ಸುತ್ತಲೂ ನೀರಿದ್ದು ಕುಡಿಯಲು ನೀರಿಲ್ಲದ ಮನೆಗಳವರು ಉಣ್ಣುತ್ತಾರೆ.

ಇನ್ನೊಂದು, ವಾಡ ಕಾಲುವೆಯ ಕಟ್ಟೆ. ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಕೇಂದ್ರ ಕಚೇರಿ ಇರುವುದು ಇದೇ ಪಟ್ಟಣದಲ್ಲಿ. ಬೋಟುಗಳನ್ನು ದಡಕ್ಕೆಳೆದು ತಳ ಕೆರೆದು ದುರಸ್ತಿ ಮಾಡುವ ಡಾಕ್ ಕೂಡ ಇಲ್ಲಿದೆ. ಇಲಾಖೆಯ ಬೋಟುಗಳಲ್ಲಿ ಟಿಕೆಟಿನ ಬೆಲೆ ಕೆಲವೇ ರೂಪಾಯಿ. ಕೊಟ್ಟಾಯಂಗೆ ಹೋಗುವ ಬೋಟು ಸುಮಾರು ಎರಡೂವರೆ ಗಂಟೆ ಸಾಗುತ್ತದೆ; ಆ ಊರು ಹತ್ತಿರವಾದಂತೆ ಕಾಲುವೆ ಕಿರಿದಾಗಿ, ಅಡ್ಡಲಾಗಿರುವ ಕಾಲುಸೇತುವೆಗಳನ್ನು ಮೇಲೆತ್ತಿ ದಾರಿ ಬಿಡಬೇಕಾಗುತ್ತದೆ. ಸೇತುವೆ ಕೆಟ್ಟು ಮೇಲೇಳದ ದಿನ ಬೋಟು ನಡುದಾರಿಯಿಂದಲೇ ಹಿಂದಿರುಗುತ್ತದೆ. ರಸ್ತೆಯಿರುವವರಿಗೆ ಇದು ಸಣ್ಣ ಸುದ್ದಿ. ಮನೆಯ ಮೆಟ್ಟಿಲಿನ ಕೊನೆಯೇ ಕಡವಾಗಿರುವವರಿಗೆ ಅಂದಿನ ಶಾಲೆ, ಅಂದಿನ ಕೂಲಿ, ಅಂದಿನ ಔಷಧ ತಪ್ಪಿತೆಂದು ಅರ್ಥ.

ಪಟ್ಟಣದ ಕಾಲುವೆಗಳನ್ನು ಉಳಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಹೂಳೆತ್ತುವುದು, ದಡಕ್ಕೆ ಕಲ್ಲು ಕಟ್ಟುವುದು, ದೀಪ ಹಚ್ಚುವುದು, ಹಳೆಯ ಗೋದಾಮುಗಳನ್ನು ವಸ್ತುಸಂಗ್ರಹಾಲಯ ಮಾಡುವುದು, ಇವೆಲ್ಲ ಬೇಕಾದವೇ. ಆದರೆ ನೋಡಲಿಕ್ಕೆಂದು ಕಾಪಿಟ್ಟ ಕಾಲುವೆಗೂ ಹೋಗಲಿಕ್ಕೆಂದು ಕಾಪಿಟ್ಟ ಕಾಲುವೆಗೂ ಅಂತರವಿದೆ. ದಿನವೂ ಬೋಟು ಓಡುವ ಕಾಲುವೆಯಲ್ಲಿ ಕಳೆ ಕೂಡಲು ಹೆದರುತ್ತದೆ. ಹೂಳು ತುಂಬಿದರೆ ಬೋಟಿನ ತಳವೇ ದೂರು ಹೇಳುತ್ತದೆ. ಅಲಂಕಾರದ ಕಾಲುವೆಯಲ್ಲಿ ಹೂಳು ತುಂಬಿದ್ದನ್ನು ಗಮನಿಸುವವರು ಯಾರು? ಸೌಂದರ್ಯೀಕರಣದ ಯೋಜನೆ ಬರೆಯುವವರು ಕಾವಾಲಂನ ಬೋಟಿನಲ್ಲಿ ಒಂದು ವಾರ ಓಡಾಡಿದರೆ ಯೋಜನೆಯ ಮೊದಲ ಪುಟವಾದರೂ ಬೇರೆಯಾಗುತ್ತಿತ್ತು.

2018ರ ಆಗಸ್ಟಿನಲ್ಲಿ ಈ ಕಟ್ಟೆಯು ಯಾವುದಕ್ಕಾಗಿ ಇದೆಯೆಂಬುದನ್ನು ಎಲ್ಲರೂ ಕಂಡರು. ನದಿಗಳು ಒಮ್ಮೆಗೇ ಉಕ್ಕಿ, ಒಡ್ಡುಗಳು ಒಡೆದು ಕುಟ್ಟನಾಡು ಮುಳುಗಿತು. ಚಂಗನಾಶ್ಶೇರಿಯ ರಸ್ತೆ ನೀರಿನಡಿಗೆ ಹೋಯಿತು; ಬಸ್ಸು ನಿಂತಿತು. ಲಕ್ಷಕ್ಕೂ ಮಿಕ್ಕ ಜನರನ್ನು ಅಲ್ಲಿಂದ ಹೊರತರಬೇಕಾಯಿತು. ಇಲಾಖೆಯ ಬೋಟುಗಳು, ಹೌಸ್‌ಬೋಟುಗಳು, ಮರಳು ಸಾಗಿಸುವ ದೊಡ್ಡ ದೋಣಿಗಳು, ಕಡಲಿನಿಂದ ಲಾರಿಗಳಲ್ಲಿ ಹೇರಿತಂದ ಮೀನುಗಾರರ ದೋಣಿಗಳು, ಎಲ್ಲವೂ ದುಡಿದುವು. ಮಕ್ಕಳನ್ನು ಎತ್ತಿಕೊಂಡು, ಮುದುಕರನ್ನು ಕುರ್ಚಿಯಲ್ಲೇ ಹೊತ್ತುಕೊಂಡು ಜನರು ಇಲ್ಲಿಯ ಕಟ್ಟೆಗಳಲ್ಲಿ ಇಳಿದರು. ಅಂಥ ಹೊತ್ತಿನಲ್ಲಿ ಪ್ರವಾಸದ ದೋಣಿ, ನಿತ್ಯದ ದೋಣಿ ಎಂಬ ಭೇದವೂ ಅಳಿಸಿಹೋಗಿತ್ತು. ಆ ವರ್ಷ ಆಗಸ್ಟಿನಲ್ಲಿ ನಡೆಯಬೇಕಿದ್ದ ನೆಹರೂ ಟ್ರೋಫಿ ಸ್ಪರ್ಧೆ ನಡೆದದ್ದು ನವೆಂಬರಿನಲ್ಲಿ.

ಇಲಾಖೆಯ ಬೋಟಿನ ಸಿಬ್ಬಂದಿಯ ಹುದ್ದೆಗಳ ಹೆಸರುಗಳಲ್ಲೇ ಒಂದು ಚರಿತ್ರೆಯಿದೆ. ಟಿಕೆಟು ಕೊಡುವವನು ಬೋಟ್ ಮಾಸ್ಟರ್, ಯಂತ್ರದ ಬಳಿಯಿರುವವನು ಡ್ರೈವರ್, ಇವು ಇಂಗ್ಲಿಷಿನವು. ಹಗ್ಗ ಎಸೆದು ಬೋಟನ್ನು ಗೂಟಕ್ಕೆ ಬಿಗಿಯುವ ‘ಲಸ್ಕರ್’ ಪಾರಸಿಯ ‘ಲಶ್ಕರ್’ನಿಂದ ಬಂದವನು, ಮೂಲದಲ್ಲಿ ಸೈನಿಕ. ಚುಕ್ಕಾಣಿ ಹಿಡಿಯುವ ‘ಸ್ರಾಂಕ್’ ಕೂಡ ಪಾರಸಿಯ ‘ಸರಹಂಗ್’, ಎಂದರೆ ದಳದ ನಾಯಕ. ನಮ್ಮ ಕರಾವಳಿಯಲ್ಲಿ ತಾಂಡೇಲನು ಮಾಡುವ ಕೆಲಸವನ್ನು ಇಲ್ಲಿ ಈತ ಮಾಡುತ್ತಾನೆ. ಹಳೆಯ ಮಾದರಿಯ ಬೋಟುಗಳಲ್ಲಿ ಸ್ರಾಂಕ್ ಮುಂಭಾಗದಲ್ಲಿ ಎತ್ತರದಲ್ಲಿ ಕುಳಿತಿರುತ್ತಾನೆ. ಯಂತ್ರ ಕೆಳಗೆ, ನಡುವಿನಲ್ಲಿ. ಇಬ್ಬರಿಗೂ ಮಾತು ಕೇಳಿಸದು. ಒಂದು ಹಗ್ಗ, ಅದರ ತುದಿಗೊಂದು ಗಂಟೆ. ಎಳೆತದ ಎಣಿಕೆಯಿಂದಲೇ ನಿಲ್ಲು, ನಡೆ, ಹಿಂದೆ ಸರಿ ಎಂಬ ಆಜ್ಞೆಗಳು ಕೆಳಗಿಳಿಯುತ್ತವೆ. ಸಂಜೆಯ ಬೋಟು ಕಟ್ಟೆ ಬಿಟ್ಟು, ಎರಡೂ ದಡಗಳ ಗೋಡೆಗಳ ನಡುವೆ ಮೆಲ್ಲನೆ ಪೂರ್ವಕ್ಕೆ ಸರಿದು, ಕಾಲುವೆಯ ಬಾಯಿ ದಾಟಿ ಪುನ್ನಮಡದ ಬಯಲುನೀರಿಗೆ ಬಂದಾಗ ಆ ಗಂಟೆ ಇನ್ನೊಮ್ಮೆ ಸದ್ದುಮಾಡುತ್ತದೆ. ಯಂತ್ರದ ದನಿ ಏರುತ್ತದೆ, ಪ್ರಯಾಣಿಕರು ಗಾಳಿಗೆ ಮುಖವೊಡ್ಡಿ ತಮ್ಮ ತಮ್ಮ ಕಡವಿನ ಸರದಿ ಎಣಿಸುತ್ತ ಕೂರುತ್ತಾರೆ.